ಪೆಟ್ರೋಲ್ ಇದೆಯಾ?

ಬೈಕ್ ಕೆಟ್ಟು ನಿಂತರೆ ನನಗೆ ಅಷ್ಟೇನೂ ಕೋಪ ಬರುವುದಿಲ್ಲ. ಅಷ್ಟೊಂದು ನಟ್ಟು ಬೋಲ್ಟು ದಿನವಿಡೀ ಗಡಗಡ ಅಲುಗಾಡುತ್ತಿರುವಾಗ ಒಂದೆರಡು ಮುನಿಸಿಕೊಳ್ಳದೆ ಇರುತ್ತವೆಯೇ? ನನಗೆ ಮೈ ಉರಿಯುವುದು ಕೆಟ್ಟ ಬೈಕಿನ ಪಕ್ಕ ನಿಂತಾಗ. ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸುವಷ್ಟರಲ್ಲಿ ಯಾರಾದರೂ ಒಬ್ಬರು ಬಂದು ಕೇಳಿಯೇ ಕೇಳುತ್ತಾರೆ.

"ಪೆಟ್ರೋಲ್ ಇದೆಯಾ?"

ಇದನ್ನು ಪ್ರಶ್ನೆ ಅಂದುಕೊಂಡಿದ್ದರೆ ನಿಮ್ಮ ಬೈಕ್ ಇನ್ನೂ ಹೊಸದು ಅಂತ ಅರ್ಥ. ಇದು ತೀರ್ಪು. ಹಿಂದಿನ ಟೈರಿಗೆ ಮೊಳೆ ಹೊಕ್ಕು ರಿಮ್ಮು ನೆಲ ಮುಟ್ಟಿದ್ದರೂ ಕೇಳುತ್ತಾರೆ. ಚೈನ್ ಕಳಚಿ ಬಂದು ಅದನ್ನು ಕೈಯಲ್ಲಿ ಹಿಡಿದು ಕೂತಿದ್ದರೂ ಕೇಳುತ್ತಾರೆ. ಇನ್ನು ಕೆಲವರು ನಿಲ್ಲುವುದೂ ಇಲ್ಲ. ಹತ್ತಿರ ಬಂದಾಗ ಸ್ವಲ್ಪ ಸ್ಲೋ ಮಾಡಿ, ಕೇಳಿ, ನಾವು ಬಾಯಿ ತೆರೆಯುವಷ್ಟರಲ್ಲಿ ಗೇರ್ ಹಾಕಿ ಹೋಗಿರುತ್ತಾರೆ. ಉತ್ತರ ಯಾರಿಗೆ ಬೇಕು? ಕೇಳಿದರು, ಅವರ ಕೆಲಸ ಮುಗಿಯಿತು. ಇದ್ದರೆ ಇದೆ, ಇಲ್ಲದಿದ್ದರೆ ನಮ್ಮ ಹಣೆಬರಹ.

ಇದನ್ನೆಲ್ಲ ಇಷ್ಟು ಕಾಲ ನುಂಗಿಕೊಂಡೇ ಬಂದಿದ್ದೆ. ಮೊನ್ನೆ ಮಾತ್ರ ಅತಿಯಾಯಿತು.

ಮಳೆ ನಿಂತು ರಸ್ತೆಯೆಲ್ಲ ಕೆಸರಾಗಿತ್ತು. ಸಿಗ್ನಲ್ಲಿನಲ್ಲಿ ನಿಂತಿದ್ದೆ. ಹಸಿರು ಬಿತ್ತು, ಕ್ಲಚ್ ಒತ್ತಿ ಫಸ್ಟ್ ಗೇರ್ ಹಾಕಿದೆ. ಇಂಜಿನ್ ಆಫ್. ಹಿಂದಿನವರ ಹಾರ್ನ್ ಶುರು. ನ್ಯೂಟ್ರಲ್ ಮಾಡಿ ಬಟನ್ ಒತ್ತಿದರೆ ತಕ್ಷಣ ಸ್ಟಾರ್ಟ್. ಗೇರ್ ಹಾಕಿದರೆ ತಕ್ಷಣ ಆಫ್. ನ್ಯೂಟ್ರಲ್‌ನಲ್ಲಿ ಎಷ್ಟು ಹೊತ್ತು ಬೇಕಾದರೂ ಸಂತೋಷವಾಗಿ ಓಡುತ್ತದೆ, ಎಲ್ಲಿಗಾದರೂ ಹೋಗೋಣ ಅಂದರೆ ಮಾತ್ರ ಸತ್ತುಹೋಗುತ್ತದೆ. ನಮ್ಮ ಆಫೀಸಿನಲ್ಲಿ ಹೀಗಿರುವವರು ಇದ್ದಾರೆ. ಬೈಕೂ ಹೀಗೆ ಮಾಡಬಹುದು ಅಂತ ಗೊತ್ತಿರಲಿಲ್ಲ.

ತಳ್ಳಿಕೊಂಡು ಬದಿಗೆ ಬಂದೆ. ಮತ್ತೆ ಸ್ಟಾರ್ಟ್ ಮಾಡಿ, ಬಗ್ಗಿ, ಎಲ್ಲಾದರೂ ವೈರ್ ಕಿತ್ತು ನೇತಾಡುತ್ತಿದೆಯಾ ಅಂತ ನೋಡುತ್ತಿದ್ದೆ. ಹಿಂದಿನಿಂದ ಸಮಾಧಾನದ ಒಂದು ದನಿ ಬಂತು.

"ಏನಪ್ಪಾ, ಪೆಟ್ರೋಲ್ ಇದೆಯಾ?"

ಗಮನಿಸಬೇಕು. ಆಗ ಇಂಜಿನ್ ಓಡುತ್ತಿತ್ತು. ಸೈಲೆನ್ಸರಿನಿಂದ ಬಿಸಿ ಗಾಳಿ ಬಂದು ಅವರ ಪ್ಯಾಂಟನ್ನೇ ಅಲ್ಲಾಡಿಸುತ್ತಿತ್ತು.

"ಇದೆ ಸರ್. ನೋಡಿ, ಸ್ಟಾರ್ಟ್ ಆಗಿದೆಯಲ್ಲ" ಅಂದೆ.

"ಸ್ಟಾರ್ಟ್ ಆಗುತ್ತಪ್ಪಾ. ಸ್ಟಾರ್ಟ್ ಆಗೋಕೆ ಸ್ವಲ್ಪ ಸಾಕು. ಓಡೋಕೆ ಜಾಸ್ತಿ ಬೇಕು."

ಹಿರಿಯರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೈಯಲ್ಲಿ ಮಡಿಸಿದ ಕೊಡೆ. ಎದುರು ಮಾತಾಡುವುದು ಹೇಗೆ? ಮೀಟರ್ ಕಡೆ ಬೆರಳು ತೋರಿಸಿ, "ಅರ್ಧ ಟ್ಯಾಂಕ್ ತೋರಿಸ್ತಿದೆ ಸರ್" ಅಂದೆ.

"ಮೀಟರ್ ನಂಬ್ತೀಯಾ?"

ಈ ಮಾತಿನಲ್ಲಿ ಕಷ್ಟ ಏನೆಂದರೆ, ಅವರು ಪೂರ್ತಿ ತಪ್ಪೂ ಅಲ್ಲ. ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಒಂದು ಬುರುಡೆ ಇರುತ್ತದೆ, ಅದು ಏರಿ ಇಳಿದ ಹಾಗೆ ಮುಳ್ಳು ಏರಿ ಇಳಿಯುತ್ತದೆ. ಏರು ರಸ್ತೆಯಲ್ಲಿ ಒಂದು ಲೆಕ್ಕ, ಇಳಿಜಾರಿನಲ್ಲಿ ಇನ್ನೊಂದು ಲೆಕ್ಕ. ಸೈಡ್ ಸ್ಟ್ಯಾಂಡ್ ಹಾಕಿ ವಾಲಿಸಿದರೆ ಮೂರನೆಯದು. ಹಾಗಾಗಿ ನಾನು ಸುಮ್ಮನಾದೆ. ಸುಮ್ಮನಾದದ್ದನ್ನು ಅವರು ಒಪ್ಪಿಗೆ ಅಂದುಕೊಂಡರು. ಕೊಡೆಯನ್ನು ನನ್ನ ಕೈಗೆ ಕೊಟ್ಟು, ಹ್ಯಾಂಡಲ್ ಹಿಡಿದು ಬೈಕನ್ನು ಅತ್ತಿತ್ತ ಅಲ್ಲಾಡಿಸಿದರು. ಆಮೇಲೆ ಎದೆಗೆ ಸ್ಟೆತಾಸ್ಕೋಪ್ ಇಟ್ಟ ಡಾಕ್ಟರ ಹಾಗೆ ಕಣ್ಣು ಮುಚ್ಚಿ ಟ್ಯಾಂಕಿಗೆ ಕಿವಿ ಕೊಟ್ಟರು. ನಾನು ಕೊಡೆ ಹಿಡಿದು ಕಾಯುತ್ತಿದ್ದೆ. ಹೋಗುವವರು ಬರುವವರು ನೋಡುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಅವರು ಕಣ್ಣು ತೆರೆದು, ತುಸು ಬೇಸರದಿಂದಲೇ ಹೇಳಿದರು.

"ಇಂಜಿನ್ ಆಫ್ ಮಾಡಪ್ಪಾ. ಆ ಸೌಂಡಲ್ಲಿ ಏನೂ ಕೇಳಿಸ್ತಿಲ್ಲ."

ಆಫ್ ಮಾಡಿದೆ. ಯಾಕೆ ಮಾಡಿದೆ ಅಂತ ಕೇಳಬೇಡಿ. ಆ ಜಾಗದಲ್ಲಿ ನೀವಿದ್ದರೂ ಮಾಡುತ್ತಿದ್ದಿರಿ. ಮತ್ತೆ ಅಲ್ಲಾಡಿಸಿದರು. ಗುಳುಗುಳು ಅಂತ ಸದ್ದು ನನಗೇ ಚೆನ್ನಾಗಿ ಕೇಳಿಸಿತು. ಅವರಿಗೆ ಸಮಾಧಾನವಾಗಲಿಲ್ಲ. "ಕೀ ಕೊಡು, ತೆಗೆದೇ ನೋಡೋಣ" ಅಂದರು. ಬೈಕ್ ಸ್ಟಾರ್ಟ್ ಮಾಡುವ ಕೀ, ಟ್ಯಾಂಕ್ ತೆಗೆಯುವ ಕೀ ಎರಡೂ ಒಂದೇ. ಅಂದರೆ ಓಡುತ್ತಿರುವ ಇಂಜಿನ್ನಿನೊಳಗೆ ಪೆಟ್ರೋಲ್ ಇದೆಯೋ ಇಲ್ಲವೋ ಅಂತ ಖಚಿತ ಮಾಡಿಕೊಳ್ಳಲು ಮೊದಲು ಇಂಜಿನ್ ನಿಲ್ಲಿಸಲೇಬೇಕು. ಹೇಗೂ ನಿಂತಿದೆಯಲ್ಲ ಅಂತ ಕೀ ಕೊಟ್ಟೆ.

ಟ್ಯಾಂಕಿನ ಮುಚ್ಚಳ ತೆಗೆದ ಬೈಕಿಗೆ ಜನ ಸೇರುವ ವೇಗ ಬೇರೆ ಯಾವುದಕ್ಕೂ ಇಲ್ಲ. ಹಿರಿಯರು ಬಗ್ಗಿ ನೋಡಿದರು. ಅವರ ಹೆಗಲ ಮೇಲಿಂದ ಇನ್ನೊಬ್ಬರು ನೋಡಿದರು. ಹೆಗಲಿಗೆ ಬ್ಯಾಗ್ ಹಾಕಿದ್ದ ಹುಡುಗನೊಬ್ಬ ಮೊಬೈಲಿನ ಟಾರ್ಚ್ ಬಿಟ್ಟ. ಕಡ್ಡಿ ಗೀರದೆ ಮೊಬೈಲ್ ತೆಗೆದನಲ್ಲ, ಅದಕ್ಕೆ ಅವನಿಗೆ ನಾನು ಯಾವತ್ತೂ ಋಣಿ. "ಕಾಣ್ತಿದೆ, ಕಾಣ್ತಿದೆ" ಅಂತ ಒಬ್ಬರು. "ಎಷ್ಟಿದೆ?" ಅಂತ ಹಿಂದೆ ಇದ್ದವರು. "ಇದೆ, ಆದ್ರೆ..." ಅಂತ ಹಿರಿಯರು.

ಆ "ಆದ್ರೆ" ಬಂದ ಮೇಲೆ ಬಾಗಿಲು ತೆರೆದ ಹಾಗಾಯಿತು. ಪ್ಲಗ್ ಬಿಚ್ಚಿ ಉಜ್ಜಿ ಅಂದರು ಒಬ್ಬರು. ಏರ್ ಫಿಲ್ಟರಿಗೆ ನೀರು ಹೋಗಿದೆ ಅಂದರು ಇನ್ನೊಬ್ಬರು. ಕಾರ್ಬ್ಯುರೇಟರಿನಲ್ಲಿ ಕಸ ಅಂತ ಮತ್ತೊಬ್ಬರು ಬಹಳ ಖಚಿತವಾಗಿ ಹೇಳಿದರು. ಪೆಟ್ರೋಲಿಗೆ ಗಾಳಿ ಬೆರೆಸುವ ಆ ಕಾರ್ಬ್ಯುರೇಟರೇ ನನ್ನ ಬೈಕಿಗೆ ಇಲ್ಲ, ಪೆಟ್ರೋಲನ್ನು ಪಂಪಿನಿಂದ ಚಿಮ್ಮಿಸುವ ಇಂಜೆಕ್ಷನ್ ಅಂದೆ. ಅವರು ನನ್ನನ್ನು ನೋಡಿದ ರೀತಿ, ನಾನೇ ಕದ್ದು ಮಾರಿಕೊಂಡೆನೇನೋ ಅನ್ನುವ ಹಾಗಿತ್ತು.

ನಿಜ ಹೇಳಬೇಕೆಂದರೆ, ಕಾರ್ಬ್ಯುರೇಟರ್ ಕಾಲದಲ್ಲಿ ಈ ಜನರ ಮಾತಿಗೆ ಬೆಲೆ ಇತ್ತು. ನನ್ನ ಹಳೆಯ ಬೈಕಿನಲ್ಲಿ ಟ್ಯಾಂಕಿನ ಕೆಳಗೆ ಒಂದು ನಲ್ಲಿ ಇತ್ತು. ಆನ್, ಆಫ್, ರಿಸರ್ವ್. ಇದರ ಗುಟ್ಟು ಬಹಳ ಸರಳ. ಟ್ಯಾಂಕಿನೊಳಗೆ ಎರಡು ದಾರಿ, ಒಂದರ ಬಾಯಿ ಎತ್ತರದಲ್ಲಿ, ಇನ್ನೊಂದರದ್ದು ತಳದಲ್ಲಿ. ಆನ್‌ನಲ್ಲಿದ್ದರೆ ಎತ್ತರದ ಬಾಯಿಯಿಂದ ಪೆಟ್ರೋಲ್ ಬರುತ್ತದೆ. ಮಟ್ಟ ಅದಕ್ಕಿಂತ ಕೆಳಗಿಳಿದರೆ ಇಂಜಿನ್ ಕೆಮ್ಮುತ್ತದೆ. ನಲ್ಲಿಯನ್ನು ರಿಸರ್ವ್‌ಗೆ ತಿರುಗಿಸಿದರೆ ತಳದಲ್ಲಿ ಉಳಿದದ್ದು ಬರುತ್ತದೆ. ಓಡಿಸುತ್ತಲೇ ಎಡಗೈ ಕೆಳಗೆ ಬಿಟ್ಟು, ನೋಡದೆ ತಿರುಗಿಸುವವರನ್ನು ಕಂಡರೆ ನಮಗೆಲ್ಲ ಗೌರವ. ಅದೂ ಮುಗಿದರೆ ಬೈಕನ್ನು ನಲ್ಲಿ ಇರುವ ಕಡೆಗೆ ವಾಲಿಸುವುದು. ಟ್ಯಾಂಕ್ ಫ್ರೇಮಿನ ಎರಡೂ ಪಕ್ಕಕ್ಕೆ ಇಳಿಬಿದ್ದಿರುತ್ತದೆ, ನಡುವೆ ಉಬ್ಬು. ಆಚೆ ಪಕ್ಕ ಸಿಕ್ಕಿಬಿದ್ದ ಒಂದಿಷ್ಟು ಪೆಟ್ರೋಲ್ ವಾಲಿಸಿದಾಗ ಈಚೆಗೆ ಬರುತ್ತದೆ. ಬಂಕ್ ಹತ್ತಿರದಲ್ಲಿದ್ದರೆ ಅಷ್ಟು ಸಾಕು.

ಮುಚ್ಚಳ ತೆಗೆಸುವವರದ್ದೂ ಬರೀ ಹುಚ್ಚಲ್ಲ. ಮುಚ್ಚಳದಲ್ಲಿ ಗಾಳಿ ಒಳಗೆ ಹೋಗಲು ಒಂದು ಸಣ್ಣ ತೂತು ಇರುತ್ತದೆ. ಅದು ಧೂಳು ತುಂಬಿ ಮುಚ್ಚಿಹೋದರೆ ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರುವುದಿಲ್ಲ. ಸ್ವಲ್ಪ ದೂರ ಓಡಿದ ಮೇಲೆ ಪೆಟ್ರೋಲ್ ಕೆಳಗಿಳಿಯುವುದೇ ನಿಲ್ಲುತ್ತದೆ, ಬೈಕೂ ನಿಲ್ಲುತ್ತದೆ. ಮುಚ್ಚಳ ತೆಗೆದು ಹಾಕಿದರೆ ಏನೂ ಆಗದ ಹಾಗೆ ಮತ್ತೆ ಸ್ಟಾರ್ಟ್. ಹೀಗೆ ಯಾವತ್ತೋ ಒಮ್ಮೆ ಯಾರದೋ ಬೈಕ್ ಸರಿಹೋಗಿರುತ್ತದೆ. ಆ ಒಂದು ಗೆಲುವಿನ ಬಲದ ಮೇಲೆ ಆ ಮನುಷ್ಯ ಕಂಡವರ ಟ್ಯಾಂಕನ್ನೆಲ್ಲ ತೆಗೆಸುತ್ತಾ ಆಯಸ್ಸು ಕಳೆಯುತ್ತಾನೆ.

ಪ್ಲಗ್ಗಿನವರೂ ಹಾಗೆಯೇ. ಬಿಚ್ಚಿದ ಪ್ಲಗ್ಗಿನ ತುದಿ ಕಂದು ಬಣ್ಣ ಇದ್ದರೆ ಆರೋಗ್ಯ, ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ, ಬೆಳ್ಳಗಿದ್ದರೆ ಕಮ್ಮಿ. ಅದನ್ನು ಇಂಜಿನ್ನಿಗೆ ತಾಗಿಸಿ ಹಿಡಿದು ಕಿಕ್ ಹೊಡೆದರೆ ಕಿಡಿ ಬರುತ್ತದಾ ಅಂತ ನೋಡಬಹುದು. ಹಿಡಿಯುವುದು ಯಾವಾಗಲೂ ಬೈಕಿನ ಓನರ್, ಕಿಕ್ ಹೊಡೆಯುವುದು ದಾರಿಹೋಕ. ಕೈಗೆ ಶಾಕ್ ಹೊಡೆದರೆ, "ಹಾಂ, ಕರೆಂಟ್ ಇದೆ" ಅಂತ ಅವರು ತಲೆಯಾಡಿಸುತ್ತಿದ್ದರು.

ಈಗ ನೋಡಿ. ಕೀ ತಿರುಗಿಸಿದರೆ ಟ್ಯಾಂಕಿನೊಳಗಿನ ಪಂಪ್ ಒಂದೆರಡು ಸೆಕೆಂಡ್ ಝುಯ್ ಅನ್ನುತ್ತದೆ, ಅಷ್ಟೇ. ನಲ್ಲಿ ಇಲ್ಲ, ಚೋಕ್ ಇಲ್ಲ, ಹಲವು ಬೈಕಿಗೆ ಕಿಕ್ಕೂ ಇಲ್ಲ. ಏನಾದರೂ ಕೆಟ್ಟರೆ ಮೀಟರಿನಲ್ಲಿ ಒಂದು ಹಳದಿ ದೀಪ ಉರಿಯುತ್ತದೆ. ಅದು ಏನು ಹೇಳುತ್ತಿದೆ ಅಂತ ತಿಳಿಯಲು ಒಂದು ಮಿಷನ್ ಚುಚ್ಚಬೇಕು. ಪಾಪ, ರಸ್ತೆ ಬದಿಯ ಮನುಷ್ಯ ಏನು ಮಾಡುತ್ತಾನೆ? ಅವನ ಕೈಗೆ ಸಿಗುವ ಹಾಗೆ ಉಳಿದಿರುವುದು ಟ್ಯಾಂಕಿನ ಮುಚ್ಚಳ ಒಂದೇ.

ಇಷ್ಟಾಗಿಯೂ ನನ್ನ ಬೈಕಿನ ಹಳದಿ ದೀಪ ಉರಿಯುತ್ತಿರಲಿಲ್ಲ. ಕೊನೆಗೆ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಗಾಡಿ ಸ್ಟಾರ್ಟ್ ಆಗ್ತಿದೆಯಾ ಸರ್?"

"ಆಗ್ತಿದೆ."

"ಮತ್ತೆ ಪ್ರಾಬ್ಲಮ್ ಏನು?"

"ಗೇರ್ ಹಾಕಿದ್ರೆ ಆಫ್ ಆಗುತ್ತೆ."

ಆ ಕಡೆ ಸ್ವಲ್ಪ ಹೊತ್ತು ಮೌನ. ಪಾನಾ ಕೆಳಗಿಟ್ಟ ಸದ್ದು. ಆಮೇಲೆ, ನೀವು ಊಹಿಸಿದ್ದು ಸರಿ, "ಪೆಟ್ರೋಲ್ ಇದೆಯಾ ಸರ್?"

ಆದರೂ ಬಂದ. ಗಾಡಿ ಸುತ್ತ ಒಂದು ಸುತ್ತು ಹಾಕಿದ. ಯಾರ ಮಾತಿಗೂ ಕಿವಿ ಕೊಡಲಿಲ್ಲ. ನನ್ನ ಬ್ಯಾಗಿನಿಂದ ಕುಡಿಯುವ ನೀರಿನ ಬಾಟಲಿ ತೆಗೆದು ಸೈಡ್ ಸ್ಟ್ಯಾಂಡಿನ ಬುಡಕ್ಕೆ ಸುರಿದ. ಅಂಟಿದ್ದ ಕೆಸರು ಹರಿದುಹೋಯಿತು. ಸ್ಟ್ಯಾಂಡನ್ನು ಕಾಲಿನಲ್ಲಿ ಪಟಪಟ ಮೇಲೆ ಕೆಳಗೆ ಆಡಿಸಿದ. ಗೇರ್ ಹಾಕಿದ. ಬೈಕ್ ಮುಂದೆ ಹೋಯಿತು.

ಅಲ್ಲೊಂದು ಸ್ವಿಚ್ ಇದೆಯಂತೆ. ಸ್ಟ್ಯಾಂಡ್ ಕೆಳಗಿದ್ದಾಗ ಗೇರ್ ಹಾಕಿದರೆ ಅದು ಇಂಜಿನ್ ನಿಲ್ಲಿಸುತ್ತದೆ. ಕೆಸರು ಸಿಕ್ಕಿ ಸ್ವಿಚ್ ಜಾಮ್ ಆಗಿತ್ತು. ನಾನು ಸ್ಟ್ಯಾಂಡ್ ತೆಗೆದಿದ್ದೇನೆ ಅಂತ ಬೈಕಿಗೆ ನಂಬಿಕೆ ಬರಲಿಲ್ಲ, ಅಷ್ಟೇ ಕಥೆ. ಹಿರಿಯರು ಇದನ್ನೆಲ್ಲ ಶಾಂತವಾಗಿ ಕೇಳಿದರು. ನನ್ನ ಕೈಯಿಂದ ಕೊಡೆ ತೆಗೆದುಕೊಂಡರು. "ಸರಿ ಹೋಯ್ತಲ್ಲ, ಒಳ್ಳೇದಾಯ್ತು. ಆದ್ರೂ ದಾರೀಲಿ ಒಂದ್ ಸ್ವಲ್ಪ ಪೆಟ್ರೋಲ್ ಹಾಕಿಸ್ಕೊಂಡುಬಿಡು" ಅಂದರು.

ಆ ಸ್ವಿಚ್ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅದು ಒಳ್ಳೆಯದಕ್ಕೇ ಇರುವುದು, ಗೊತ್ತು. ಸ್ಟ್ಯಾಂಡ್ ಕೆಳಗೇ ಬಿಟ್ಟು ಓಡಿಸಿ ಎಡಕ್ಕೆ ತಿರುಗಿಸಿದರೆ ಅದು ನೆಲಕ್ಕೆ ಒತ್ತಿ ಬೈಕನ್ನೇ ಎತ್ತಿ ಹಾಕುತ್ತದೆ. ಮೊದಲು ಈ ಕೆಲಸಕ್ಕೆ ಸ್ವಿಚ್ ಇರಲಿಲ್ಲ, ಜನ ಇದ್ದರು. ಎದುರಿನಿಂದ ಬರುವವರು, ಪಕ್ಕದಲ್ಲಿ ಹೋಗುವವರು, ಮಗುವನ್ನು ಕೈ ಹಿಡಿದು ನಡೆಸುವವರು, ಎಲ್ಲರೂ "ಸ್ಟ್ಯಾಂಡ್! ಸ್ಟ್ಯಾಂಡ್!" ಅಂತ ಕೂಗುತ್ತಿದ್ದರು. ಒಮ್ಮೆ ಒಬ್ಬಾತ ಹಾರ್ನ್ ಹೊಡೆಯುತ್ತಾ ನನ್ನ ಹಿಂದೆಯೇ ಬಿದ್ದ. ಜಗಳಕ್ಕೆ ಬರುತ್ತಿದ್ದಾನೆ ಅಂತ ನಾನು ಜೋರು ಮಾಡಿದೆ. ಅವನೂ ಜೋರು ಮಾಡಿದ. ಪಕ್ಕಕ್ಕೆ ಬಂದು, ಕಾಲು ತೋರಿಸಿ, "ಸ್ಟ್ಯಾಂಡ್ ರೀ!" ಅಂತ ಬೈದು, ಮುಂದಿನ ತಿರುವಿನಲ್ಲಿ ಬಂದ ದಾರಿಗೇ ವಾಪಸ್ ಹೋದ. ಅವನು ಹೋಗಬೇಕಿದ್ದದ್ದು ಆ ಕಡೆಗೆ. ನನ್ನ ಸ್ಟ್ಯಾಂಡಿಗಾಗಿ ಅಷ್ಟು ದೂರ ಬಂದಿದ್ದ. ಹೆಲ್ಮೆಟ್ಟಿನೊಳಗೆ ಮುಖವೂ ಕಾಣಲಿಲ್ಲ.

ಈಗ ಯಾರೂ ಹಾಗೆ ಕೂಗಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಇಂಡಿಕೇಟರ್ ಹಾಕಿದ್ದನ್ನು ಮರೆತು ಮೈಲಿಗಟ್ಟಲೆ ಹೋದರೂ ಯಾರೂ ಕೈ ಬೀಸಿ ಹೇಳುವುದಿಲ್ಲ. ಅದಕ್ಕೂ ಬೀಪ್ ಬೀಪ್ ಬಂದಿದೆಯಲ್ಲ.

ಇರಲಿ. ಸ್ವಿಚ್ಚಿನ ಜೊತೆ ಪೂರ್ತಿ ಸರ್ವಿಸ್ಸೂ ಆಗಿಬಿಡಲಿ ಅಂತ ಬೈಕನ್ನು ಬಿಟ್ಟು ಬಂದೆ. ಸರ್ವಿಸ್ ಆಗಿ ಬಂದ ಬೈಕ್ ಯಾವಾಗಲೂ ಬೇರೆಯವರ ಬೈಕ್. ಕನ್ನಡಿಯಲ್ಲಿ ನನ್ನ ಮೊಣಕೈ ಕಾಣುತ್ತದೆ. ಕ್ಲಚ್ ಹಿಡಿಯುವ ಜಾಗವೇ ಬದಲಾಗಿದೆ. ಚೈನನ್ನಂತೂ ಬಿಗಿದು ಕಟ್ಟಿದ್ದಾರೆ. ಚೈನಿಗೆ ನಡುವೆ ಎರಡು ಮೂರು ಸೆಂಟಿಮೀಟರ್ ಆಟ ಇರಬೇಕು. ನಾವು ಕೂತಾಗ ಹಿಂದಿನ ಚಕ್ರ ಮೇಲೇರಿ ಚೈನ್ ಇನ್ನಷ್ಟು ಬಿಗಿಯಾಗುತ್ತದೆ. ಇದನ್ನು ಹೇಳಿದರೆ ಪಕ್ಕದ ಮನೆಯವರು ಒಪ್ಪುವುದಿಲ್ಲ. "ಟೈಟ್ ಇದ್ರೆ ಪಿಕಪ್ ಚೆನ್ನಾಗಿರುತ್ತೆ" ಅನ್ನುತ್ತಾರೆ. ಅವರು ನನ್ನ ಬೈಕನ್ನು ಅವರ ಗೇಟಿನಿಂದಲೇ ರಿಪೇರಿ ಮಾಡುತ್ತಾರೆ, ಯಾವತ್ತೂ ಈಚೆ ಬಂದವರಲ್ಲ.

ಚೈನ್ ನಾನೇ ಸಡಿಲ ಮಾಡಿಕೊಂಡೆ. ಕನ್ನಡಿ ತಿರುಗಿಸಿಕೊಂಡೆ. ಈಗ ಮುಂದಿನ ಬ್ರೇಕ್ ಹಿಡಿದರೆ ಕೀಂಯ್ ಅಂತ ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತದೆ. ಪಕ್ಕದ ಮನೆಯವರು ಗೇಟಿನಿಂದ ಕೂಗಿ ಹೇಳಿದರು, "ಬ್ರೇಕ್ ಪ್ಯಾಡಿಗೆ ಒಂದೆರಡು ಹನಿ ಎಣ್ಣೆ ಬಿಡಿ, ಸದ್ದು ಹೋಗುತ್ತೆ. ನಾನು ಹಾಗೇ ಮಾಡೋದು."

ಸದ್ದೇನೋ ಹೋಗಬಹುದು. ಅವತ್ತಿನಿಂದ ಅವರ ಬೈಕ್ ನನ್ನ ಹಿಂದೆ ಬರುತ್ತಿದ್ದರೆ ನಾನು ಬದಿಗೆ ನಿಂತು ದಾರಿ ಬಿಡುತ್ತೇನೆ. ನನಗೆ ಎಷ್ಟು ಮರ್ಯಾದೆ ಅಂತ ಅವರು ಎಲ್ಲರ ಹತ್ತಿರ ಹೇಳಿಕೊಂಡು ಓಡಾಡುತ್ತಿದ್ದಾರೆ.