ಸಂಚಕಾರ ಕೊಡುವ ಮೊದಲು ಗಚ್ಚಿ ಹತ್ತಿ ನೋಡಿ

ನಾವು ಬೆಳಗಾವಿಯಲ್ಲಿ ಮನೆ ಕೊಂಡದ್ದು 2019ರ ಏಪ್ರಿಲ್‌ನಲ್ಲಿ. ವಕೀಲರಿಗೆ ಎಂಟು ಸಾವಿರ ಕೊಟ್ಟು ಕಾಗದಪತ್ರ ತೋರಿಸಿದೆವು. ಉತಾರ (ಆಸ್ತಿಯ ಹಕ್ಕಿನ ದಾಖಲೆ), ಋಣಭಾರ ಪತ್ರ, ಹಿಂದಿನ ಖರೀದಿ ಪತ್ರ ಎಲ್ಲವೂ ಸರಿಯಾಗಿದ್ದವು. ವಾಸ್ತು ನೋಡುವವರಿಗೆ ಮೂರು ಸಾವಿರ ಕೊಟ್ಟೆವು. ಒಲೆಯ ಕಟ್ಟೆ ಸರಿಸಿ ಎಂದರು, ಸರಿಸಿದೆವು. ದಲಾಲರು ತಮ್ಮ ಪಾಲು ತೆಗೆದುಕೊಂಡರು. ಬ್ಯಾಂಕಿನ ಕಡೆಯವರು ಬಂದು ಅಳತೆ ಹಿಡಿದು, ನಾಲ್ಕು ಫೋಟೊ ತೆಗೆದುಕೊಂಡು ಹೋದರು. ಇಷ್ಟು ಜನ ಓಡಾಡಿದರೂ ಗಚ್ಚಿ, ಅಂದರೆ ಮನೆಯ ತಾರಸಿ, ಹತ್ತಿ ನೋಡಿದವರು ಒಬ್ಬರೂ ಇಲ್ಲ. ನಾನೂ ಹತ್ತಲಿಲ್ಲ.

ನಾನು ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ. ಅಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಬೆಳಗಾವಿಯಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು. ಸಹ್ಯಾದ್ರಿಯ ಸೆರಗಿನಲ್ಲಿರುವ ಈ ಊರಿನಲ್ಲಿ ಆಷಾಢ ಬಂತೆಂದರೆ ದಿನಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ, ಒಗೆದ ಬಟ್ಟೆ ಮೂರನೆಯ ದಿನವೂ ಹಸಿಯಾಗಿಯೇ ಇರುತ್ತದೆ. ಇಂಥ ಊರಿನ ಮನೆಯನ್ನು ನಾವು ಏಪ್ರಿಲ್‌ನ ಒಣ ಬಿಸಿಲಿನಲ್ಲಿ ನೋಡಿ ಒಪ್ಪಿಕೊಂಡೆವು. ಗೋಡೆಗೆ ಹೊಸ ಬಣ್ಣ, ಮಲಗುವ ಕೋಣೆಗೆ ಹೊಸ ಪಿಒಪಿ ಚಾವಣಿ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಆ ವಾಸನೆಯೇ ನನ್ನನ್ನು ಎಚ್ಚರಿಸಬೇಕಿತ್ತು.

ಆ ವರ್ಷದ ಆಗಸ್ಟ್ ಮೊದಲ ವಾರದ ಮಳೆಯನ್ನು ಬೆಳಗಾವಿಯವರು ಯಾರೂ ಮರೆತಿರಲಿಕ್ಕಿಲ್ಲ. ನಮ್ಮೂರಿನ ಬಳ್ಳಾರಿ ನಾಲೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ನಮ್ಮದು ಎತ್ತರದ ಜಾಗ, ಹೊರಗಿನ ನೀರು ಒಳಗೆ ಬರಲಿಲ್ಲ. ಬಂದದ್ದು ಮೇಲಿನಿಂದ. ಮೊದಲು ಪಿಒಪಿಯ ಮೇಲೆ ಚಹಾ ಲೋಟದ ಬುಡದಂಥ ಹಳದಿ ಉಂಗುರ ಮೂಡಿತು. ಎರಡು ದಿನದಲ್ಲಿ ಅದು ತಟ್ಟೆಯಷ್ಟಾಯಿತು. ಕಪಾಟನ್ನು ಗೋಡೆಯಿಂದ ಸರಿಸಿದಾಗ ಹಿಂದಿನ ಗೋಡೆ ಪೂರ್ತಿ ಬೂಷ್ಟು ಹಿಡಿದಿತ್ತು. ಕಪಾಟಿನ ಕೆಳಗಿನ ಅರೆಯಲ್ಲಿ ನನ್ನ ಅವ್ವ ಮದುವೆಯಲ್ಲಿ ಕೊಟ್ಟ ಇಳಕಲ್ ಸೀರೆ ಇತ್ತು. ಬಿಚ್ಚಿ ನೋಡಿದರೆ ಸೆರಗಿನ ಬಿಳಿ ತೆನಿಗಳ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಬಿಸಿಲಿಗೆ ಹಾಕಿದೆ, ಎರಡು ಸಲ ತೊಳೆಸಿದೆ, ಹೋಗಲಿಲ್ಲ. ಆ ಸೀರೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ, ಉಡಲು ಬರುವುದಿಲ್ಲ.

ಗೌಂಡಿಯನ್ನು ಕರೆಸಿ ಪಿಒಪಿ ಬಿಚ್ಚಿಸಿದೆವು. ಮೇಲೆ ಸ್ಲ್ಯಾಬಿನ ಕಾಂಕ್ರೀಟು ಚಕ್ಕೆಚಕ್ಕೆಯಾಗಿ ಬಿಟ್ಟುಕೊಂಡಿತ್ತು. ಒಳಗಿನ ಸರಳುಗಳು ಕೆಂಪಗೆ ತುಕ್ಕು ಹಿಡಿದು ಹೊರಗೆ ಕಾಣುತ್ತಿದ್ದವು. ಸೋರಿದ ನೀರು ಸರಳನ್ನು ಮುಟ್ಟುತ್ತದೆ, ಸರಳು ತುಕ್ಕು ಹಿಡಿಯುತ್ತದೆ, ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಅದು ಕಾಂಕ್ರೀಟನ್ನು ಒಳಗಿನಿಂದಲೇ ಒಡೆದು ತಳ್ಳುತ್ತದೆ. ಇದು ಒಂದು ಮಳೆಯಲ್ಲಿ ಆಗುವ ಕೆಲಸವಲ್ಲ, ಐದಾರು ವರ್ಷದ ಸೋರಿಕೆ. ಮಾರಿದವರಿಗೆ ಗೊತ್ತಿತ್ತು. ಪ್ರತಿ ಮಳೆಗಾಲವೂ ಅವರು ಗಚ್ಚಿಯ ಮೇಲೆ ತಾಡಪತ್ರಿ ಹಾಸುತ್ತಿದ್ದರು ಎಂದು ಪಕ್ಕದ ಮನೆಯ ಅಜ್ಜಿ ಹೇಳಿದರು. “ನೀವು ಕೇಳಿದ್ದರೆ ಹೇಳುತ್ತಿದ್ದೆನಲ್ಲ, ತಂಗಿ” ಎಂದರು. ಕೇಳಿದ್ದರೆ ತಾನೇ.

“ಅದು ಆ ವರ್ಷದ ಮಳೆ, ನಿಮ್ಮ ನಸೀಬು” ಎಂದವರು ಬಹಳ. ಆದರೆ ಅರ್ಧಂಬರ್ಧ ರಿಪೇರಿಯ ನಂತರ 2020ರಲ್ಲೂ ಸೋರಿತು, 2021ರಲ್ಲೂ ಸೋರಿತು. ಕೊನೆಗೆ ಸರಳು ಉಜ್ಜಿಸಿ, ಸ್ಲ್ಯಾಬು ತುಂಬಿಸಿ, ಗಚ್ಚಿಯ ಮೇಲಿನ ಹಳೆಯ ಪದರ ಕಿತ್ತು ಹೊಸದಾಗಿ ಇಟ್ಟಂಗಿ ಚೂರಿನ ಕೋಬಾ (ನೀರು ಇಳಿಯದಂತೆ ತಡೆಯುವ ಪದರ) ಹಾಕಿಸಿ, ನೀರು ಮೊರಿಯ ಕಡೆಗೆ ಹರಿಯುವ ಹಾಗೆ ಇಳಿಜಾರು ಕೊಡಿಸಿದಾಗ ಒಟ್ಟು ಖರ್ಚು ಮೂರು ಲಕ್ಷ ನಲವತ್ತು ಸಾವಿರ ದಾಟಿತು. ಮನೆಯ ಸಾಲದ ಕಂತು ಬೇರೆ.

ಕಾನೂನಿಗೆ ಹೋಗಬಹುದಿತ್ತಲ್ಲ ಎಂದು ಕೇಳುತ್ತೀರಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲಿ, ಮಾರುವವನು ತನಗೆ ಗೊತ್ತಿರುವ ಮುಖ್ಯ ದೋಷವನ್ನು ಕೊಳ್ಳುವವನಿಗೆ ತಿಳಿಸಬೇಕು ಎಂದಿದೆ. ಆದರೆ ಯಾವ ದೋಷ? ಕೊಳ್ಳುವವನು ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಕಂಡುಹಿಡಿಯಲಾಗದ ದೋಷ. ನೀವು ನೋಡಿಯೇ ಇರುತ್ತೀರಿ ಎಂದು ಕಾನೂನು ಮೊದಲೇ ಎಣಿಸಿಕೊಂಡಿದೆ ಎಂದಾಯಿತು. ನಮ್ಮ ವಕೀಲರು ಕೇಳಿದ ಮೊದಲ ಪ್ರಶ್ನೆಯೇ “ಗಚ್ಚಿ ಹತ್ತಿದ್ದಿರಾ?” ಎಂಬುದು. ಬಿಲ್ಡರ್ ಕೈಯಿಂದ ಹೊಸದಾಗಿ ಕೊಂಡವರಿಗೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಬಲವಿದೆ: ಕಾಯ್ದೆಗೆ ಒಳಪಟ್ಟ ಯೋಜನೆಯಾದರೆ, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಂಡ ಕಟ್ಟಡದ ದೋಷವನ್ನು ಅವರು ಪುಕ್ಕಟೆಯಾಗಿ ಸರಿಪಡಿಸಿ ಕೊಡಬೇಕು. ಒಬ್ಬರು ವರ್ಷಗಟ್ಟಲೆ ಇದ್ದು ಬಿಟ್ಟ ಹಳೆಯ ಮನೆಯನ್ನು ಅವರಿಂದಲೇ ಕೊಳ್ಳುವ ನಮ್ಮಂಥವರಿಗೆ ಆ ಆಸರೆ ಇಲ್ಲ. ಬ್ಯಾಂಕು ಸಾಲ ಕೊಟ್ಟಿದೆ ಎಂದರೆ ಮನೆ ಗಟ್ಟಿ ಇರಬೇಕು ಎಂದು ನಾನೂ ನಂಬಿದ್ದೆ. ಬ್ಯಾಂಕಿನವರು ನೋಡುವುದು ನಾಳೆ ಹರಾಜಿಗೆ ಬಂದರೆ ಎಷ್ಟು ಬರುತ್ತದೆ ಎಂಬುದನ್ನು. ಅದು ಅವರ ಕೆಲಸ, ತಪ್ಪೇನಿಲ್ಲ. ನಿಮ್ಮ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕುತ್ತದೆಯೇ ಎಂದು ನೋಡುವುದು ಅವರ ಕೆಲಸವಲ್ಲ.

ಹೀಗಾಗಿ ಕಳೆದ ವರ್ಷ ನನ್ನ ತಮ್ಮ ವಿಜಯಪುರದಲ್ಲಿ, ಸೋಲಾಪುರ ರಸ್ತೆಯ ಕಡೆ ಮನೆ ನೋಡಿದಾಗ ನಾನು ಹಟ ಹಿಡಿದೆ. “ಅಕ್ಕಾ, ಮಾರುವವರು ನಮ್ಮ ಪರಿಚಯದವರೇ, ಎಂಜಿನಿಯರ್ ಕರೆತಂದರೆ ಏನೆಂದುಕೊಳ್ಳುತ್ತಾರೆ?” ಎಂದ. ನಮ್ಮ ಕಡೆಯ ಜನರನ್ನು ಕಟ್ಟಿಹಾಕುವುದು ಈ ಸಂಕೋಚವೇ. ಮಗಳಿಗೆ ವರ ನೋಡುವಾಗ ಮೂರು ಊರಿನಲ್ಲಿ ವಿಚಾರಿಸುತ್ತೇವೆ, ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ. ಇಪ್ಪತ್ತು ವರ್ಷ ಸಾಲ ತೀರಿಸಬೇಕಾದ ಮನೆಯ ಮುಂದೆ ಮಾತ್ರ ನಾಚಿಕೊಂಡು ನಿಲ್ಲುತ್ತೇವೆ. ಕೊನೆಗೆ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರ್ ಒಬ್ಬರನ್ನು ಹಿಡಿದೆವು. ಏಳು ಸಾವಿರ ರೂಪಾಯಿ, ಎರಡು ಭೇಟಿ: ಒಂದು ಮೇ ಕೊನೆಗೆ, ಇನ್ನೊಂದು ಮಳೆ ಬಿದ್ದ ಮೇಲೆ. ಎರಡು ಭೇಟಿ ಎಂಬುದು ಅವರದೇ ಷರತ್ತು.

ಅವರು ಬಂದವರೇ ಒಳಗೆ ಹೋಗಲಿಲ್ಲ. ಮನೆಯ ಸುತ್ತ ನಿಧಾನವಾಗಿ ಎರಡು ಸುತ್ತು ಬಂದರು. ಬಚ್ಚಲ ನೀರು ಹೊರಗೆ ಬೀಳುವ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ನೆಲವನ್ನು ಕೆದರಿದರು. ಪೈಪು ಒಡೆದಿತ್ತು, ನೀರು ಗಟಾರಕ್ಕೆ ಹೋಗದೆ ಅಡಿಪಾಯದ ಬುಡದಲ್ಲೇ ಇಂಗುತ್ತಿತ್ತು. ಇನ್ನೊಂದು ಬದಿಯಲ್ಲಿ ಗೋಡೆಗೆ ಆರೇ ಅಡಿ ದೂರದಲ್ಲಿ ದೊಡ್ಡ ಬೇವಿನ ಮರ. “ಇಲ್ಲಿ ಎರೆ ಮಣ್ಣು ಎಷ್ಟು ಆಳವಿದೆ, ಪಾಯ ಎಷ್ಟು ಆಳಕ್ಕೆ ತೆಗೆದಿದ್ದೀರಿ?” ಎಂದು ಕೇಳಿದರು. ಮಾರುವವರಿಗೆ ನೆನಪಿರಲಿಲ್ಲ.

ಎರೆ ಮಣ್ಣಿನ ಸ್ವಭಾವ ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಮನೆಯ ಒಂದು ಮೂಲೆ ಸದಾ ಹಸಿ, ಇನ್ನೊಂದು ಮೂಲೆಯ ನೀರನ್ನು ಮರದ ಬೇರು ಹೀರುತ್ತಿದೆ ಎಂದರೆ ಒಂದು ಕಡೆ ನೆಲ ಎತ್ತುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ನಡುವಿನ ಗೋಡೆ ಸೀಳುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೆ ಹತ್ತಿದ ಬಿರುಕು ಅದರದೇ ಗುರುತು ಎಂದು ಅವರು ತೋರಿಸಿದರು. ಆದಿಲಶಾಹಿ ಕಾಲದ ಗೌಂಡಿಗಳು ಈ ಮಣ್ಣನ್ನು ನಂಬಲಿಲ್ಲ, 1656ರಲ್ಲಿ ಮುಗಿದ ಗೋಳಗುಮ್ಮಟದ ಪಾಯ ಬಂಡೆಯ ಮೇಲೆ ಕೂತಿದೆ ಎಂದರು. ಅದೇ ಊರಿನಲ್ಲಿ ಹುಟ್ಟಿದ ನನಗೆ ಅದು ಗೊತ್ತಿರಲಿಲ್ಲ.

ಆಮೇಲೆ ಅವರು ಮಾಡಿದ ಒಂದು ಕೆಲಸ ನನ್ನ ಕಣ್ಣಲ್ಲೇ ಇದೆ. ಬಿರುಕಿನ ತುದಿಗೆ ಪೆನ್ಸಿಲಿನಿಂದ ಸಣ್ಣದೊಂದು ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದರು. ಜೇಬಿನಿಂದ ಒಂದು ವಿಸಿಟಿಂಗ್ ಕಾರ್ಡ್ ತೆಗೆದು ಬಿರುಕಿನೊಳಗೆ ತೂರಿಸಿದರು. ಅರ್ಧ ಕಾರ್ಡು ಒಳಗೆ ಹೋಯಿತು. ಮಾರುವವರಿಗೆ ಗೋಡೆಯ ಮೇಲೆ ಬರೆದದ್ದು ಹಿಡಿಸಲಿಲ್ಲ, ಮುಖ ಗಂಟು ಹಾಕಿಕೊಂಡರು. ಜುಲೈ ಎರಡನೆಯ ವಾರ, ಎರಡು ಒಳ್ಳೆಯ ಮಳೆಯ ನಂತರ ಮತ್ತೆ ಹೋದೆವು. ಅದೇ ಕಾರ್ಡು, ಅದೇ ಬಿರುಕು: ತುದಿಯೂ ಒಳಗೆ ಹೋಗಲಿಲ್ಲ. ಬಿರುಕು ಪೆನ್ಸಿಲ್ ಗೆರೆಯನ್ನೂ ದಾಟಿರಲಿಲ್ಲ. “ನೋಡಿ, ನೆಲ ಉಸಿರಾಡುತ್ತಿದೆ. ಮನೆ ಬೀಳುತ್ತಿಲ್ಲ, ಆದರೆ ನೀರನ್ನು ಹತೋಟಿಗೆ ತರದಿದ್ದರೆ ಪ್ರತಿ ವರ್ಷ ಹೀಗೇ ಬಿಚ್ಚಿ ಮುಚ್ಚಿ ಗೋಡೆ ಸೋಲುತ್ತದೆ” ಎಂದರು.

ಸ್ಲ್ಯಾಬಿನ ಕೆಳಗೆ ಗೋಡೆಯುದ್ದಕ್ಕೂ ಅಡ್ಡಲಾಗಿ ಹೋಗಿದ್ದ ಗೆರೆಯನ್ನು ನೋಡಿ ನನ್ನ ತಮ್ಮನ ಹೆಂಡತಿ ಬಹಳ ಹೆದರಿದ್ದಳು. ಅದು ವಿಜಯಪುರದ ಬಿಸಿಲಿಗೆ ಸ್ಲ್ಯಾಬು ಕಾದು ಹಿಗ್ಗಿ ಕುಗ್ಗುವುದರಿಂದ ಆದದ್ದು, ಅದಕ್ಕೆ ಹೆದರಬೇಡಿ ಎಂದು ಎಂಜಿನಿಯರ್ ಹೇಳಿದರು. ಯಾರೂ ತಲೆ ಕೆಡಿಸಿಕೊಳ್ಳದಿದ್ದ ದೇವರ ಕೋಣೆಯ ಚೌಕಟ್ಟಿಗೆ ಮಾತ್ರ ಸ್ಕ್ರೂಡ್ರೈವರ್ ಒತ್ತಿದರು. ಮೇಲಿನ ಪಾಲಿಶ್ ಹಾಗೇ ಇತ್ತು, ಒಳಗೆ ಪೂರ್ತಿ ಗೆದ್ದಲು, ರವೆಯಂಥ ಪುಡಿ ಉದುರಿತು. ತಪಾಸಣೆ ಎಂದರೆ ಮನೆಯಲ್ಲಿ ಬರೀ ತಪ್ಪು ಹುಡುಕುವುದಲ್ಲ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ಬೇರ್ಪಡಿಸಿ ಕೊಡುವುದಕ್ಕೇ ಆ ಏಳು ಸಾವಿರ. ವಿದ್ಯುತ್ ವೈರಿಂಗ್, ಅರ್ಥಿಂಗ್, ನಲ್ಲಿ ಇವೆಲ್ಲ ಅರ್ಧ ತಾಸಿನಲ್ಲಿ ಮುಗಿದವು. ಬಚ್ಚಲಿನ ಮೊರಿ ಮುಚ್ಚಿ ನೀರು ನಿಲ್ಲಿಸಿ ಒಂದು ದಿನ ಬಿಟ್ಟು ನೋಡಿದರು, ಸೋರಲಿಲ್ಲ.

ಅವರು ಎರಡು ಪುಟದ ವರದಿ ಕೊಟ್ಟರು. ಅದನ್ನು ಮುಂದಿಟ್ಟುಕೊಂಡು ಮಾತಾಡಿದಾಗ ಮಾರುವವರು ಸಿಟ್ಟಾದರು, ನಾಲ್ಕು ದಿನ ಫೋನ್ ಎತ್ತಲಿಲ್ಲ. ಐದನೆಯ ದಿನ ತಾವೇ ಕರೆದರು. ಪೈಪನ್ನು ಅವರೇ ಸರಿಮಾಡಿಸಿದರು, ಬೆಲೆಯಲ್ಲಿ ಎರಡು ಲಕ್ಷ ಇಳಿಸಿದರು. ಆ ಹಣದಲ್ಲಿ ನನ್ನ ತಮ್ಮ ಆ ಮನೆಯ ಸುತ್ತ ಮೂರು ಅಡಿ ಅಗಲದ ಕಾಂಕ್ರೀಟ್ ಪಟ್ಟಿ ಹಾಕಿಸಿ ನೀರು ಗೋಡೆಯಿಂದ ದೂರ ಹರಿಯುವಂತೆ ಮಾಡಿದ್ದಾನೆ. ಪರಿಚಯ ಕೆಡಲಿಲ್ಲ. ಗೃಹಪ್ರವೇಶದ ಊಟಕ್ಕೆ ಅವರೂ ಬಂದಿದ್ದರು.

ಬಾಗಲಕೋಟೆಯ ಕಡೆ ಮನೆ ನೋಡುವ ಗೆಳತಿಯರಿಗೆ ಇನ್ನೊಂದು ಮಾತು. ಆಲಮಟ್ಟಿ ಜಲಾಶಯದ ನೀರು ಈಗ ನಿಲ್ಲುವುದು 519.60 ಮೀಟರ್ ಮಟ್ಟಕ್ಕೆ, ಅದನ್ನು 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಹಿನ್ನೀರಿನ ಅಂಚಿನ ಜಾಗವಾದರೆ ಉತಾರದ ಜೊತೆಗೆ ಆ ಜಾಗದ ಎತ್ತರವನ್ನೂ ಕೇಳಿ ತಿಳಿದುಕೊಳ್ಳಿ. ಗೋಡೆ ಎಷ್ಟು ಗಟ್ಟಿಯಾಗಿದ್ದರೂ ನೆಲವೇ ನಮ್ಮದಾಗಿ ಉಳಿಯದಿದ್ದರೆ ಏನು ಮಾಡುತ್ತೀರಿ?

ನಾನು ವಾಸ್ತುವಿನ ವಿರೋಧಿಯಲ್ಲ, ನಮ್ಮ ಮನೆಯಲ್ಲೂ ನೋಡಿಸಿದ್ದೇವೆ. ವಕೀಲರೂ ಬೇಕು. ಆದರೆ ಅವರಿಬ್ಬರಿಗೂ ಹಣ ಕೊಡಲು ಹಿಂದೆಮುಂದೆ ನೋಡದ ನಾವು ಎಂಜಿನಿಯರ್ ಎಂದ ಕೂಡಲೇ “ಅದೇಕೆ ದಂಡ ಖರ್ಚು” ಎನ್ನುವುದನ್ನು ಕೇಳಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ದಲಾಲರೇ ತೋರಿಸಿದ ಎಂಜಿನಿಯರ್ ಬೇಡ, ಮಾರುವವರ ಗೌಂಡಿಯೂ ಬೇಡ. ನೀವು ಹಣ ಕೊಟ್ಟು ಕರೆತಂದ, ನಿಮಗಷ್ಟೇ ಉತ್ತರ ಹೇಳಬೇಕಾದ ಮನುಷ್ಯ ಬೇಕು. ಬೆಳಗಾವಿಯ ಮನೆಯಾದರೆ ಮಳೆಗಾಲದಲ್ಲಿ ಒಮ್ಮೆಯಾದರೂ ನೋಡದೆ ಖರೀದಿ ಪತ್ರಕ್ಕೆ ಸಹಿ ಹಾಕಬೇಡಿ. ಶಹಾಪುರ, ವಡಗಾವಿ ಕಡೆಯ ಹಳೆಯ ಹಂಚಿನ ಮನೆಯಾದರಂತೂ ಅಟ್ಟ ಹತ್ತಿ, ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗವನ್ನು ಮುಟ್ಟಿ ನೋಡಿ. ಮರ ಮೊದಲು ಕೊಳೆಯುವುದು ಅಲ್ಲೇ.

ನಮ್ಮ ಶಾಲೆಗೆ ಹೊಸದಾಗಿ ಬಂದಿರುವ ಶಿಕ್ಷಕಿಯೊಬ್ಬಳು ಇಲ್ಲೇ ಅನಗೋಳದ ಕಡೆ ಮನೆ ನೋಡಿದ್ದಾಳೆ. ಬರುವ ಸೋಮವಾರ ಐದು ಲಕ್ಷ ಸಂಚಕಾರ ಕೊಡುವವಳಿದ್ದಳು. ನಿನ್ನೆ ಊಟದ ಬಿಡುವಿನಲ್ಲಿ “ಗಚ್ಚಿ ಹತ್ತಿದ್ದೀಯಾ?” ಎಂದು ಕೇಳಿದೆ. “ಮೆಟ್ಟಿಲು ಇಲ್ಲ ಮೇಡಂ, ಏಣಿ ಬೇಕು” ಎಂದಳು. ಏಣಿಯನ್ನು ನಮ್ಮ ಪಕ್ಕದ ಮನೆಯವರಿಂದ ಕೇಳಿ ಇಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ, ಮಳೆ ಇದ್ದರೆ ಇನ್ನೂ ಒಳ್ಳೆಯದು, ನಾವಿಬ್ಬರೂ ಎಂಜಿನಿಯರ್ ಜೊತೆ ಅಲ್ಲಿಗೆ ಹೋಗುತ್ತಿದ್ದೇವೆ.