ಸೇದಬೇಡಿ ಎನ್ನುವವರು ಜಾಗವನ್ನೂ ತೋರಿಸಲಿ

ಚಿಕ್ಕಬಳ್ಳಾಪುರದ ಸುತ್ತಮುತ್ತಲಿನವರನ್ನು ವಿದೇಶ ಪ್ರವಾಸಕ್ಕೆ ಕಳುಹಿಸುವುದು ನನ್ನ ಕಸುಬು. ದ್ರಾಕ್ಷಿ, ಹೂವು ಬೆಳೆಯುವವರು, ರೇಷ್ಮೆಗೂಡಿನ ವ್ಯಾಪಾರಿಗಳೇ ಹೆಚ್ಚು. ವೀಸಾ, ಊಟ ಎಲ್ಲ ವಿಚಾರಿಸಿ, ಮನೆಯವರು ಆಚೆ ಹೋದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ: "ಅಲ್ಲಿ ಸೇದಬಹುದೇ ಸ್ವಾಮಿ?"

ಸಿಂಗಪುರವಾದರೆ ನನ್ನ ಉತ್ತರ ಉದ್ದವಾಗುತ್ತದೆ. ಗುಟ್ಕಾ, ಕಡ್ಡಿಪುಡಿ ಇಲ್ಲೇ ಬಿಡಿ. ಜಗಿಯುವ ತಂಬಾಕಿಗೆ ಅಲ್ಲಿ ನಿಷೇಧವಿದೆ. ಇ-ಸಿಗರೇಟಿನ ಹೆಸರನ್ನೂ ಎತ್ತಬೇಡಿ. ಒಂದೇ ಪ್ಯಾಕೆಟ್ ಸಿಗರೇಟ್ ಒಯ್ದರೂ ಕಸ್ಟಮ್ಸ್‌ನವರಿಗೆ ಹೇಳಿ ಸುಂಕ ಕಟ್ಟಬೇಕು. ಬಸ್ ತಂಗುದಾಣದಿಂದ ಐದು ಮೀಟರ್ ದೂರದೊಳಗೆ ಕಡ್ಡಿ ಗೀರುವಂತಿಲ್ಲ. 2019ರಿಂದ ಆರ್ಚರ್ಡ್ ರಸ್ತೆಯ ವಲಯದಲ್ಲಿ ಗುರುತು ಮಾಡಿದ ಜಾಗದಲ್ಲಿ ಮಾತ್ರ ಸೇದಬೇಕು. ಪ್ರಕರಣ ನ್ಯಾಯಾಲಯಕ್ಕೆ ಹೋದರೆ ದಂಡ ಸಾವಿರ ಡಾಲರ್‌ವರೆಗೂ ಏರಬಹುದು. ಜಪಾನಿನಲ್ಲಿ ಲೆಕ್ಕವೇ ಬೇರೆ. ಟೋಕಿಯೊದ ಚಿಯೋದಾ ವಾರ್ಡ್ 2002ರಲ್ಲೇ ಬೀದಿಯಲ್ಲಿ ಸೇದುವವರಿಗೆ ದಂಡ ಹಾಕಲು ಶುರುಮಾಡಿತು. ಆದರೆ ಕಟ್ಟಡದೊಳಗೆ ಸೇದಲೆಂದೇ ಮಾಡಿದ ಪ್ರತ್ಯೇಕ ಕೋಣೆಯಲ್ಲಿ ಅಡ್ಡಿಯಿಲ್ಲ.

ಕೇಳಿದವರ ಮುಖ ಬಾಡುತ್ತದೆ. ನನಗೆ ಮೆಚ್ಚುಗೆಯಾಗುವುದು ಅಲ್ಲಿನ ದಂಡವಲ್ಲ, ಬೇಡ ಎಂದ ಊರೇ "ಇಲ್ಲಿ ಬನ್ನಿ" ಎಂದು ಜಾಗ ತೋರಿಸುವುದು. ಫಲಕವಿದೆ, ಬೂದಿಪಾತ್ರೆಯಿದೆ, ಎಳೆಕೂಸು ಎತ್ತಿಕೊಂಡವರು ದೂರದಿಂದಲೇ ಬಳಸಿ ಹೋಗಬಹುದು.

ನಮ್ಮಲ್ಲೂ ಕಾನೂನಿಗೆ ಬರವಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದುವುದಕ್ಕೆ 2008ರ ಅಕ್ಟೋಬರ್ 2ರಿಂದ ತಡೆಯಿದೆ. 200 ರೂಪಾಯಿ ಇದ್ದ ದಂಡವನ್ನು ಕರ್ನಾಟಕ 2024ರ ತಿದ್ದುಪಡಿಯಲ್ಲಿ 1000ಕ್ಕೆ ಏರಿಸಿದೆ. ಸೇದಲು ಪ್ರತ್ಯೇಕ ಜಾಗ ಮಾಡಿಕೊಳ್ಳುವ ಅವಕಾಶ ಮಾತ್ರ ವಿಮಾನ ನಿಲ್ದಾಣಕ್ಕೆ, 30 ಕೋಣೆಗಳಿಗೆ ಕಡಿಮೆಯಿಲ್ಲದ ಹೋಟೆಲಿಗೆ, 30 ಆಸನಗಳಿಗೆ ಕಡಿಮೆಯಿಲ್ಲದ ಉಪಾಹಾರ ಗೃಹಕ್ಕೆ. ಬಸ್ ನಿಲ್ದಾಣದಲ್ಲಿ ನಿಷೇಧ. ಗೇಟು ದಾಟಿದರೆ ಪೆಟ್ಟಿಗೆ ಅಂಗಡಿ. ಹೀಗಾಗಿ ಎಲ್ಲರೂ ಗೇಟಿನಲ್ಲೇ ನಿಲ್ಲುತ್ತಾರೆ, ಕಾಲೇಜಿನ ಮಕ್ಕಳೆಲ್ಲ ಆ ಹೊಗೆಯಲ್ಲೇ ನುಸುಳಿ ಬಸ್ ಹತ್ತುತ್ತಾರೆ. ಒಳಗಿನ ಫಲಕ ಯಾರನ್ನು ಕಾಪಾಡಿತು?

ಜಾಗ ಕೊಟ್ಟರೆ ಚಟಕ್ಕೆ ಕುಮ್ಮಕ್ಕು ಎಂದು ನನ್ನ ಭಾವಮೈದ ಜಗಳಕ್ಕೇ ಬರುತ್ತಾನೆ. ಸೇದುವವರಿಗೆಂದೇ ಕಟ್ಟುವ ಗಾಜಿನ ಕೋಣೆ ಬೇಡ ಎಂಬ ಅವನ ಮಾತು ಸರಿ; ಬಾಗಿಲು ತೆರೆದಾಗಲೆಲ್ಲ ಹೊಗೆ ಹೊರಗೆ ಬರುತ್ತದೆ. ನಾನು ಕೇಳುತ್ತಿರುವುದು ಗೇಟಿನಿಂದ ದೂರದ, ಬಯಲಿನ ಒಂದು ಮೂಲೆ. ನಗರಸಭೆಗೆ ತಗಲುವುದು ಒಂದು ಡಬ್ಬ ಹಳದಿ ಬಣ್ಣ, ಎರಡು ಬೂದಿಪಾತ್ರೆ. ಗೆರೆಯಾಚೆ ಸೇದಿದವರ ದಂಡದಲ್ಲೇ ಆ ಖರ್ಚು ಹುಟ್ಟೀತು, ಹಿಡಿಯುವವರೂ ಅಲ್ಲೇ ನಿಂತು ಸೇದುತ್ತಿರದಿದ್ದರೆ.