ಪೌಂಡ್ ಗುರುತಿನ ಕನ್ನಡ

‘ಇವನ ಲಿನಕ್ಸ್, ಸ್ವತಂತ್ರ ತಂತ್ರಾಂಶದ ಪುರಾಣ ಮತ್ತೆ ಶುರುವಾಯ್ತು’ ಅನ್ನುವವರು ಇಲ್ಲೇ ಬಿಟ್ಟು ಮುಂದೆ ಹೋಗಬಹುದು. ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಬರೆಯದಿದ್ದರೆ ಊಟ ಸೇರುವುದಿಲ್ಲ.

ಬಾಗಲಕೋಟೆ ನವನಗರದ ಒಂದು ಝೆರಾಕ್ಸ್ ಅಂಗಡಿಗೆ ಹೋಗಿದ್ದೆ, ಆಧಾರ್ ಕಾರ್ಡಿನ ಎರಡು ಪ್ರತಿ ಬೇಕಿತ್ತು. ನನಗಿಂತ ಮುಂದೆ ಒಬ್ಬ ರಿಟೈರ್ಡ್ ಮಾಸ್ತರರು ನಿಂತಿದ್ದರು. ಕೈಯಲ್ಲಿ ಕರ್ಚೀಫಿನಲ್ಲಿ ಸುತ್ತಿದ ಪೆನ್‌ಡ್ರೈವ್. ಅದರಲ್ಲಿ 2005ರಲ್ಲಿ ಪಕ್ಕದಲ್ಲೇ ಕೂತು ಟೈಪ್ ಮಾಡಿಸಿದ 140 ಪುಟ. ಮುಳುಗಡೆಯಾದ ಹಳೇ ಬಾಗಲಕೋಟೆಯ ಓಣಿಗಳು, ಯಾರ ಮನೆ ಆದಮೇಲೆ ಯಾರ ಮನೆ, ಹೋಳಿಯ ಬಣ್ಣದ ಬಂಡಿ ಯಾವ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಎಲ್ಲ. ಪುಣೆಯಲ್ಲಿರುವ ಮೊಮ್ಮಗಳಿಗೆ ವಾಟ್ಸ್‌ಆ್ಯಪ್ ಮಾಡಿದರಂತೆ. ಅವಳ ಮೊಬೈಲಿನಲ್ಲಿ ಬರೀ ಇಂಗ್ಲಿಷ್ ಅಕ್ಷರ, ಅದರ ತಲೆಯ ಮೇಲೆ ಕೊಕ್ಕೆ, ಚುಕ್ಕೆ.

ಅಂಗಡಿ ಹುಡುಗ ಒಂದು ಸಲ ನೋಡಿ ಹೇಳಿದ: “ಫೈಲ್ ಕೆಟ್ಟೈತ್ರಿ ಅಜ್ಜಾರ. ಪ್ರಿಂಟ್ ಇದ್ರ ಕೊಡ್ರಿ, ಹೊಸದಾಗಿ ಟೈಪ್ ಮಾಡೂಣು. ಪೇಜಿಗೆ ಮೂವತ್ತು ರೂಪಾಯಿ.”

140 ಪುಟಕ್ಕೆ 4200 ರೂಪಾಯಿ. ಮಾಸ್ತರರು ಲೆಕ್ಕ ಹಾಕಿದ್ದು ಮುಖದಲ್ಲೇ ಕಂಡಿತು. “ಪ್ರಿಂಟ್ ಇಲ್ಲಪಾ” ಅಂದರು. ಮುಳುಗಡೆ ಊರಿನ ಓಣಿಗಳು ಎರಡನೇ ಸಲ ಮುಳುಗಿದವು, ಈ ಸಲ ಪರಿಹಾರವೂ ಇಲ್ಲ.

ಫೈಲ್ ಕೆಟ್ಟಿರಲಿಲ್ಲ ಕಣ್ರೀ! ಅದು ಹಳೇ ಪದ್ಧತಿಯ ಫಾಂಟಿನಲ್ಲಿತ್ತು, ಅಷ್ಟೇ. ಆ ಪದ್ಧತಿಯಲ್ಲಿ ಕಂಪ್ಯೂಟರಿಗೆ ಕನ್ನಡ ಅನ್ನುವುದೇ ಗೊತ್ತಿಲ್ಲ. ಅದು ಇಟ್ಟುಕೊಳ್ಳುವುದು ಇಂಗ್ಲಿಷ್ ಅಕ್ಷರ, ಫಾಂಟು ಅದಕ್ಕೆ ಕನ್ನಡದ ಅಂಗಿ ತೊಡಿಸುತ್ತದೆ. ಅಂಗಿ ಇಲ್ಲದ ಊರಿಗೆ ಹೋದರೆ ಬಣ್ಣ ಬಯಲು. ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿ, ಫಾಂಟ್ ತೆಗೆದು ನೋಡಿ. ‘ಪಿ’ಯಿಂದ ಶುರುವಾಗುತ್ತದೆ, ನಡುವೆ ಬ್ರಿಟಿಷರ ಪೌಂಡ್ ಗುರುತು ಕೂತಿರುತ್ತದೆ! ನವೆಂಬರ್ 1ಕ್ಕೆ ಬಾವುಟ ಹಿಡಿಯುವವರು ಇದನ್ನೊಂದು ಸಲ ನೋಡಬೇಕು. ಯೂನಿಕೋಡ್, ಅಂದರೆ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿಯಲ್ಲಿ ಹಾಗಲ್ಲ. ‘ಕ’ ಅಂದರೆ 3221ನೇ ಸಂಖ್ಯೆ. ಬಾಗಲಕೋಟೆಯಲ್ಲೂ ಅದೇ, ಪುಣೆಯಲ್ಲೂ ಅದೇ. 1991ರ ಮೊದಲ ಆವೃತ್ತಿಯಿಂದಲೇ ಅಲ್ಲಿ ಕನ್ನಡಕ್ಕೆ ಜಾಗ ಇದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಅನ್ನುವ ಯೂನಿಕೋಡ್ ಫಾಂಟ್ ಇತ್ತು. ಅಂದರೆ ಮಾಸ್ತರರು 2005ರಲ್ಲಿ ಕೂತು ಟೈಪ್ ಮಾಡಿಸುವಾಗ ದಾರಿ ತೆರೆದೇ ಇತ್ತು. ಯಾರೂ ಹೇಳಲಿಲ್ಲ.

“ತಮ್ಮಾ, ಸ್ವಲ್ಪ ಸರಿ” ಅಂದು ನಾನೇ ಕೂತೆ. ಹಳೇ ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಹಾಕಿದೆ. ಚಹಾ ಬರುವಷ್ಟರಲ್ಲಿ 140 ಪುಟ ಕನ್ನಡವಾಯಿತು. ನಡುನಡುವೆ ಇದ್ದ ಇಂಗ್ಲಿಷ್ ಪದಗಳು ಮಾತ್ರ ಯಾವ ಭಾಷೆಯೂ ಅಲ್ಲದಂತಾದವು, ಅವನ್ನು ಕೈಯಲ್ಲೇ ತಿದ್ದಬೇಕು. ಹುಡುಗ ನೋಡಿ, “ಇದು ನಮಗ ಬೇಡ ಬಿಡ್ರಿ ಸರ, ನಮ್ದು ಓಡ್ತೈತಲ್ಲ” ಅಂದ.

ಓಡ್ತೈತಲ್ಲ! ನನ್ನ ಸಿಟ್ಟೆಲ್ಲ ಈ ಒಂದು ಮಾತಿನ ಮೇಲೆ. ಓಡುತ್ತದೆ, ಆ ಅಂಗಡಿಯ ಹೊಸ್ತಿಲ ತನಕ. ಪುಟ ಕಟ್ಟಲು ಅವನು ಬಳಸುವುದು ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಬಹುಶಃ ಆ ಹುಡುಗ ಹುಟ್ಟುವುದಕ್ಕಿಂತ ಮುಂಚೆ. ಗೋಡೆಗೆ ‘ಸಾಲ ಕೇಳಬೇಡಿ’ ಎಂಬ ಬೋರ್ಡು. ಒಳಗಿರುವ ಸಾಫ್ಟ್‌ವೇರು ಸಾಲ ತಂದದ್ದಲ್ಲ, ನಿಜ. ಕದ್ದದ್ದು.

ಪ್ರೆಸ್ಸಿನ ಗೆಳೆಯರು ಈಗ ಕಾಮೆಂಟಿಗೆ ಬರುತ್ತಾರೆ, ಗೊತ್ತು. ಯೂನಿಕೋಡಿನಲ್ಲಿ ಒತ್ತಕ್ಷರ ಒಡೆಯುತ್ತದೆ, ಚೆಂದದ ಫಾಂಟ್ ಇಲ್ಲ, ಅಂತ. ಹದಿನೈದು ವರ್ಷದ ಹಿಂದೆ ಈ ಮಾತಿಗೆ ತಲೆಯಾಡಿಸುತ್ತಿದ್ದೆ. ಈಗ ನೋಟೋ, ಗುಬ್ಬಿ, ನವಿಲು ಅನ್ನುವ ಯೂನಿಕೋಡ್ ಫಾಂಟುಗಳಿವೆ. ಪುಟ ಕಟ್ಟಲು ಸ್ಕ್ರೈಬಸ್ ಇದೆ, ಅದರ 1.6 ಆವೃತ್ತಿ 2024ರಲ್ಲೇ ಬಂತು, ಒತ್ತಕ್ಷರ ಸರಿಯಾಗಿ ಕೂರುತ್ತದೆ. ‘ನುಡಿ’, ‘ಬರಹ’ದಂಥ ಟೈಪಿಂಗ್ ತಂತ್ರಾಂಶಗಳು ಕೂಡ ಯೂನಿಕೋಡಿಗೆ ಬಂದು ಎಷ್ಟೋ ಕಾಲವಾಯಿತು. ಬರದೇ ಕೂತಿರುವವರು ನಾವು.

ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶ ಅಂದರೆ ನಮ್ಮ ಮಂದಿಗೆ ಪುಕ್ಕಟೆ ಅಂತಲೇ ಕೇಳಿಸುತ್ತದೆ. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಅಂಥ ತಂತ್ರಾಂಶ ಕಟ್ಟಲು 1983ರಲ್ಲಿ ಗ್ನೂ ಯೋಜನೆ ಘೋಷಿಸಿದ್ದು ದುಡ್ಡು ಉಳಿಸಲಿಕ್ಕಲ್ಲ. ಅದಕ್ಕೂ ಮೊದಲು ಅವರ ಲ್ಯಾಬಿಗೆ ಬಂದ ಹೊಸ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸರಿ ಮಾಡುತ್ತೇನೆ, ಒಳಗಿನ ಕೋಡ್ ಕೊಡಿ ಅಂದರೆ ಕೊಡಲಿಲ್ಲ. ಆ ಸಿಟ್ಟೂ ಈ ಯೋಜನೆಯ ಹಿಂದಿತ್ತು. ಮಾಸ್ತರರ ಫೈಲು ಇವತ್ತು ಉಳಿದದ್ದೂ ಯಾವ ಅಂಗಿ ಯಾವ ಅಕ್ಷರಕ್ಕೆ ಅನ್ನುವ ಪಟ್ಟಿ ನಾಲ್ಕು ಜನಕ್ಕೆ ಗೊತ್ತಿದ್ದುದರಿಂದ. ಯಾರೋ ಪುಣ್ಯಾತ್ಮರು ಕೂತು ಪರಿವರ್ತಕ ಬರೆದರು, ಹಂಚಿದರು.

ಇಷ್ಟೆಲ್ಲ ಮಾತಾಡುವ ನಾನು ಯಾರು? 2003ರಲ್ಲಿ ಇದೇ ಊರಲ್ಲಿ ಕಂಪ್ಯೂಟರ್ ಕ್ಲಾಸಿನಲ್ಲಿ ಹುಡುಗರಿಗೆ ಆ ಹಳೇ ಫಾಂಟನ್ನೇ ಕಲಿಸಿದವನು. ಯೂನಿಕೋಡ್ ಅಂತ ಯಾರೋ ಕೇಳಿದಾಗ “ಅದೆಲ್ಲ ಬೇಡ, ಇದು ಓಡ್ತೈತಲ್ಲ” ಅಂದವನೂ ನಾನೇ.

ಆಗಲೇ ಅವ್ವನ ಬೀಸುಕಲ್ಲಿನ ಪದ ಇಪ್ಪತ್ತೆರಡು ಟೈಪ್ ಮಾಡಿಟ್ಟಿದ್ದೆ, ಪೇಜ್‌ಮೇಕರಿನಲ್ಲಿ, ಒಂದು ಪ್ರೆಸ್ಸಿನವರು ಕೊಟ್ಟ ಫಾಂಟಿನಲ್ಲಿ. ಅವ್ವ ಹೋಗಿ ಆರು ವರ್ಷವಾಯಿತು. ಹೋದ ತಿಂಗಳು ಆ ಸಿಡಿ ಸಿಕ್ಕಿತು. ಪೇಜ್‌ಮೇಕರ್ ಫೈಲುಗಳನ್ನು ಲಿಬ್ರೆಆಫೀಸ್ ಅನ್ನುವ ಸ್ವತಂತ್ರ ತಂತ್ರಾಂಶ 2015ರಿಂದ ಓದುತ್ತದೆ, ಹಾಗಾಗಿ ತೆರೆಯಿತು. ಆದರೆ ಆ ಫಾಂಟ್ ಯಾವುದೋ, ಪಟ್ಟಿ ಯಾರ ಹತ್ತಿರವೂ ಇಲ್ಲ. ಪ್ರೆಸ್ಸು ಮುಚ್ಚಿದೆ. ಯಾವ ಪರಿವರ್ತಕಕ್ಕೂ ಅದು ಗೊತ್ತಾಗಲಿಲ್ಲ.

ನಿಮ್ಮಲ್ಲಿ ಯಾರ ಬಳಿಯಾದರೂ ಆ ಕಾಲದ ಪ್ರೆಸ್ ಫಾಂಟುಗಳ ಸಿಡಿ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ರಾತ್ರಿ ಕೂತು ಆ ಕೊಕ್ಕೆ-ಚುಕ್ಕೆ ನೋಡುತ್ತಿರುತ್ತೇನೆ. ಮೂರನೇ ಪದದಲ್ಲಿ ನಾಲ್ಕು ಸಾಲಿಗೊಮ್ಮೆ ಅದೇ ಸಾಲು ತಿರುಗಿ ಬರುತ್ತದೆ. ಪಲ್ಲವಿ ಇರಬೇಕು. ಯಾವ ಪದದ್ದು ಅಂತ ನೆನಪಾಗುತ್ತಿಲ್ಲ.